ಅಮ್ಮನ ಮಾತು, ನನ್ನ ಡೈಲಾಗು

ನಾನು ಸೀರಿಯಲ್ಲಿಗೆ ಡೈಲಾಗ್ ಬರೆಯುವವಳು. ಅದೇ ಸೀರಿಯಲ್ಲಿನಲ್ಲಿ ಅತ್ತೆಯ ಪಾತ್ರವನ್ನೂ ಮಾಡುತ್ತೇನೆ. ಅಂದರೆ ನಾನೇ ಬರೆದ ಬೈಗುಳವನ್ನು ನಾನೇ ಬಯ್ಯುತ್ತೇನೆ. ತಿಂಗಳಲ್ಲಿ ಹದಿನೈದು ದಿನ ಬೆಂಗಳೂರಿನಲ್ಲಿ ಶೂಟಿಂಗ್, ಉಳಿದ ದಿನ ಮಂಗಳೂರಿನ ಮಣ್ಣಗುಡ್ಡದ ಫ್ಲ್ಯಾಟಿನಲ್ಲಿ ಅಪ್ಪ ಅಮ್ಮನ ಜೊತೆ ಇದ್ದು ಬರೆಯುವುದು. ಪಂಪ್‌ವೆಲ್‌ನಲ್ಲಿ ಬಸ್ಸಿಗೆ ಕಾಯುವಾಗ ಯಾರಾದರೂ ಹೆಂಗಸರು ಹತ್ತಿರ ಬಂದು, "ನೀವು ಆ ಅತ್ತೆ ಅಲ್ವಾ? ಸೊಸೆಗೆ ಅಷ್ಟು ಉಪದ್ರ ಯಾಕೆ ಕೊಡುದು ಮಾರಾಯ್ರೆ?" ಎಂದು ಕೇಳುವುದುಂಟು. ನಾನು ನಗುತ್ತೇನೆ. ಮನೆಯವರಿಗೆ ಕೊಟ್ಟ ಉಪದ್ರದ ಬಗ್ಗೆ ಯಾರೂ ಕೇಳುವುದಿಲ್ಲ.

ಶುರುವಾದದ್ದು ತುಳು ನಾಟಕದಿಂದ. ಅಲ್ಲಿಂದ ಟಿವಿಗೆ ಹೋದಾಗ ನನ್ನ ಕನ್ನಡವೇ ನನಗೆ ಅಡ್ಡ ಬಂತು. ನಮ್ಮ ಮನೆಮಾತು ತುಳು, ಕನ್ನಡ ಸಿಕ್ಕಿದ್ದು ಶಾಲೆಯಲ್ಲಿ. "ನಿಮ್ದು ಪುಸ್ತಕದ ಕನ್ನಡ ಮೇಡಂ, ಜೀವ ಇಲ್ಲ" ಎಂದು ಬೆಂಗಳೂರಿನವರು ನಗುತ್ತಿದ್ದರು. ಸಿಟ್ಟು ಬರುತ್ತಿತ್ತು, ಆದರೆ ಅವರು ಹೇಳುವುದು ಸರಿಯಿತ್ತು. ಆಮೇಲೆ ಒಂದು ಉಪಾಯ ಕಂಡುಕೊಂಡೆ. ಅಮ್ಮ ತುಳುವಿನಲ್ಲಿ ಹೇಳಿದ್ದನ್ನು ಹಾಗೆಯೇ ಕನ್ನಡಕ್ಕೆ ಇಳಿಸಿಬಿಡುವುದು. ಅಕ್ಕಪಕ್ಕದವರ ಬಗ್ಗೆ, ಮೀನಿನವಳ ಬಗ್ಗೆ, ದೇವರ ಬಗ್ಗೆ ಅವಳು ಆಡಿದ ಮಾತೆಲ್ಲ ಅತ್ತೆಯ ಬಾಯಿಗೆ ಬಂತು. ನನಗೆ ಹೆಸರೂ ಬಂತು. ಟಿವಿಯಲ್ಲಿ ತನ್ನ ಮಾತು ಕೇಳಿದಾಗ ಅಮ್ಮ, "ನೋಡು, ಕಳ್ಳಿ ಕದ್ದದ್ದು ಬಂತು" ಎಂದು ಖುಷಿಪಡುತ್ತಿದ್ದಳು.

ಅಪ್ಪ ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿದ್ದವರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಯಲ್ಲಿ ಬರುತ್ತಿದ್ದರು. ಆ ಎರಡು ತಿಂಗಳು ಮನೆಯಲ್ಲಿ ಎಲ್ಲವೂ ಅವರು ಹೇಳಿದ ಹಾಗೆ. ಚಹಾ ಇಂಥ ಹೊತ್ತಿಗೆ, ಮೀನು ಇಂಥದ್ದೇ, ಮಾತು ಮೆಲ್ಲಗೆ. ಕೆಟ್ಟವರಲ್ಲ, ಕೈ ಎತ್ತಿದವರಲ್ಲ. ನಿವೃತ್ತರಾಗಿ ಬಂದ ಮೇಲೂ ಅದೇ ಠೀವಿ. ಕೂತಲ್ಲಿಗೆ ನೀರು ಬರಬೇಕು, ಉಂಡ ಬಟ್ಟಲು ತಾನಾಗಿಯೇ ಎದ್ದು ಹೋಗಬೇಕು.

ಒಂದು ದಿನ ಬೆಳಿಗ್ಗೆ ಅಮ್ಮ ಅಡುಗೆಮನೆಯಲ್ಲಿ ಬಂಗುಡೆ ಮೀನು ಕೊಯ್ಯುತ್ತಿದ್ದಳು. ಕೆಳಗಿನ ಮನೆಯ ಹೆಂಗಸಿನ ಗಂಡ ದುಬಾಯಿಯಿಂದ ಪೂರಾ ವಾಪಸ್ಸು ಬಂದ ಸುದ್ದಿ ಹೇಳಿ, "ಪಾಪ, ಇನ್ನು ಅವಳ ಕತೆ ಮುಗಿಯಿತು" ಎಂದು ನಗಲಿಕ್ಕೆ ಶುರು ಮಾಡಿದಳು. "ನಿನ್ನ ಅಪ್ಪ ಬಂದು ಇಳಿದ ದಿನವೇ ನಾನು ಅವರು ಹೋಗುವ ದಿನ ಎಣಿಸಲಿಕ್ಕೆ ಶುರು ಮಾಡ್ತಿದ್ದೆ ಮಾರಾಯ್ತಿ. ನೆಂಟರಾದರೆ ನೆಂಟರ ಹಾಗೆ ಇರಬೇಕು. ಇವರು ನೆಂಟರ ಹಾಗೆ ಬಂದು ಯಜಮಾನರ ಹಾಗೆ ಕೂರುದು!" ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಕೈಯಲ್ಲಿ ಮೀನಿನ ರಕ್ತ ಇದ್ದದ್ದರಿಂದ ಮೊಣಕೈಯಿಂದ ಕಣ್ಣು ಒರೆಸಿಕೊಂಡಳು. ನಾನೂ ನಕ್ಕೆ.

ಅದೇ ವಾರ ಒಂದು ಸೀನ್ ನನ್ನನ್ನು ಸತಾಯಿಸುತ್ತಿತ್ತು. ಕತೆಯಲ್ಲಿ ಅತ್ತೆಯ ಗಂಡ ಬಹಳ ವರ್ಷಗಳ ನಂತರ ವಿದೇಶದಿಂದ ಬರುತ್ತಾನೆ. ಅತ್ತೆ ಮೊದಲ ಸಲ ಸೊಸೆಯ ಹತ್ತಿರ ಮನಸ್ಸು ಬಿಚ್ಚಬೇಕು. ಎರಡು ಸಲ ಬರೆದು ಕಳಿಸಿದೆ, ಎರಡು ಸಲವೂ ಫೀಲ್ ಇಲ್ಲ ಎಂದು ಚಾನೆಲ್‌ನವರು ತಿರುಗಿಸಿದರು. ಮೂರನೇ ಸಲ ಅಮ್ಮನ ಮಾತು ಹಾಕಿದೆ. ಐದೇ ನಿಮಿಷದಲ್ಲಿ ಒಪ್ಪಿದರು. ಸೆಟ್ಟಿನಲ್ಲಿ ನಾನು ಅದನ್ನು ಅಮ್ಮನ ಹಾಗೆ ನಗುತ್ತಾ ಹೇಳಿದಾಗ ಮಾತ್ರ ನಿರ್ದೇಶಕರು ಕಟ್ ಅಂದರು. "ನಗು ಬೇಡ ಮೇಡಂ. ಇಷ್ಟು ವರ್ಷದ ನೋವು ಅಲ್ವಾ, ಅಳಬೇಕು." ಕಣ್ಣಿಗೆ ಗ್ಲಿಸರಿನ್ ಹಾಕಿದರು. ನಾನು ಅಳುತ್ತಾ ಹೇಳಿದೆ. ಮೊಣಕೈಯಿಂದ ಕಣ್ಣು ಒರೆಸಿಕೊಂಡದ್ದನ್ನು ಮಾತ್ರ ಬಿಡಲಿಲ್ಲ. ಚೆನ್ನಾಗಿ ಬಂತೆಂದು ಒಳಗೊಳಗೇ ಹೆಮ್ಮೆಪಟ್ಟೆ.

ಅಪ್ಪನಿಗೆ ಗೊತ್ತಾಗಬಹುದು ಎಂದು ನನಗೆ ಹೊಳೆಯಲಿಲ್ಲವೆಂದರೆ ಅದು ಸುಳ್ಳು. ಹೊಳೆದಿತ್ತು. ಗೊತ್ತಾಗಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ಯಾಕೆಂದರೆ ಮಾತು ಅಷ್ಟು ಚೆನ್ನಾಗಿತ್ತು.

ಆ ಎಪಿಸೋಡ್ ಬಂದ ಸಂಜೆ ನಾನು ಮನೆಯಲ್ಲೇ ಇದ್ದೆ. ಅಪ್ಪ ಎಂದಿನಂತೆ ಲುಂಗಿ ಉಟ್ಟು, ವಾಲ್ಯೂಮ್ ಜೋರು ಮಾಡಿ ಕೂತಿದ್ದರು. ಮಗಳ ಸೀರಿಯಲ್ ಒಂದು ದಿನವೂ ಬಿಟ್ಟವರಲ್ಲ. ಮುಗಿದ ಕೂಡಲೇ ವಾಮಂಜೂರಿನ ಅತ್ತೆಗೆ, ಅಂದರೆ ಅವರ ತಂಗಿಗೆ, ಫೋನ್ ಮಾಡಿ "ನೋಡಿದಿಯಾ?" ಎಂದು ಕೇಳುವುದು ಕ್ರಮ. ಟಿವಿಯಲ್ಲಿ ನಾನು ಆ ಮಾತು ಹೇಳಿದೆ. ಅಮ್ಮ ಸೌಟು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಅವಳ ಕಡೆ ನೋಡಲಿಲ್ಲ. ರಿಮೋಟ್ ತೆಗೆದು ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡಿದರು. ಸೀರಿಯಲ್ ಮುಗಿದ ಮೇಲೆ, "ಡೈಲಾಗ್ ಲಾಯ್ಕ್ ಉಂಟು" ಎಂದು ಹೊಗಳಿಯೇ ಎದ್ದು ಹೋದರು. ವಾಮಂಜೂರಿಗೆ ಫೋನ್ ಹೋಗಲಿಲ್ಲ.

ಅಮ್ಮ ನನ್ನನ್ನು ಕೋಣೆಗೆ ಎಳೆದುಕೊಂಡು ಹೋದಳು. "ನಾನು ಹೇಳಿದ್ದು ನಿನಗೆ, ಊರಿಗಲ್ಲ," ಎಂದಳು. ಸ್ವಲ್ಪ ತಡೆದು, "ಮತ್ತೆ ನಾನು ಅತ್ತಿದ್ದೇನಾ? ನೀನು ಎಂತಕ್ಕೆ ಅತ್ತದ್ದು?" ಎಂದು ಕೇಳಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಆಡಿದವಳು ಅಮ್ಮ, ಒಡೆದವಳು ನಾನು.

ಆ ತುಣುಕು ವಾಟ್ಸಾಪಿನಲ್ಲಿ ಓಡಾಡಿತು. ಅಪ್ಪನ ಗಲ್ಫಿನ ಹಳೆ ರೂಮಿನವರ ಗ್ರೂಪಿಗೂ ಬಂತು. ಅವರೆಲ್ಲ "ನಮ್ಮ ಮನೆ ಕತೆಯೇ" ಎಂದು ನಗುವ ಚಿತ್ರ ಹಾಕಿದ್ದನ್ನು ಅಪ್ಪನ ಫೋನಿನಲ್ಲಿ ನಾನೇ ನೋಡಿದೆ. ಚಾನೆಲ್‌ನವರು, "ಇಂಥದ್ದೇ ಇನ್ನೂ ಕೊಡಿ ಮೇಡಂ" ಅಂದರು. ಕೊಡುತ್ತಾ ಹೋದೆ.

ಮನೆಯಲ್ಲಿ ಅಪ್ಪ ಬದಲಾದರು. ಮಾರನೇ ದಿನದಿಂದಲೇ ಉಂಡ ಬಟ್ಟಲನ್ನು ತಾವೇ ತೊಳೆದಿಟ್ಟರು. ಚಹಾ ಬೇಕಾದರೆ, "ನಿನಗೆ ಪುರುಸೊತ್ತಿದ್ದರೆ ಒಂದು ಚಹಾ ಸಿಗಬಹುದಾ?" ಎಂದು ಕೇಳುತ್ತಿದ್ದರು. ಹಾಸಿಗೆ ತಾವೇ ಮಡಚುವುದು, ಪೇಟೆಗೆ ಹೋಗುವಾಗ ಅಮ್ಮನನ್ನು ಕೇಳಿ ಹೋಗುವುದು. ಅಮ್ಮನ ಎದುರು ಸೋಫಾದ ತುದಿಯಲ್ಲಿ ಕೂರುತ್ತಿದ್ದರು. ಅಪ್ಪ ಆ ಡೈಲಾಗಿನ ಬಗ್ಗೆ ಅವಳನ್ನು ಒಂದು ಮಾತೂ ಕೇಳದ್ದರಿಂದ, ಅವರಿಗೆ ಅರ್ಥವಾಗಲಿಲ್ಲವೆಂದು ಅಮ್ಮ ಸಮಾಧಾನ ಮಾಡಿಕೊಂಡಳು. ನನಗೆ ಮಾತ್ರ ನೋಡಲಿಕ್ಕಾಗುತ್ತಿರಲಿಲ್ಲ. ತನ್ನದೇ ಮನೆಯಲ್ಲಿ ನೆಂಟನಾದ ಮನುಷ್ಯ. ಕ್ಷಮೆ ಕೇಳೋಣವೆಂದರೆ, ಕೇಳಿದ ಕೂಡಲೇ ಅದು ಅಮ್ಮನದೇ ಮಾತು ಎಂದು ಒಪ್ಪಿದ ಹಾಗಾಗುತ್ತದೆ. ಉಗುಳಲಿಕ್ಕೂ ಆಗದೆ ನುಂಗಲಿಕ್ಕೂ ಆಗದೆ ಒಂದು ವರ್ಷ ಕಳೆದೆ.

ವರ್ಷ ತುಂಬುವಾಗ ಅಪ್ಪನ ಕಿಡ್ನಿ ಕೈಕೊಟ್ಟಿತು. ಆಸ್ಪತ್ರೆಗೆ ಸೇರಿಸಿದೆವು. ಒಂದು ಮಧ್ಯಾಹ್ನ ಅಮ್ಮ ಸ್ನಾನಕ್ಕೆಂದು ಮನೆಗೆ ಹೋಗಿದ್ದಳು. ಅಪ್ಪ ನನ್ನನ್ನು ಹತ್ತಿರ ಕರೆದು ಕೇಳಿದರು, "ಆ ಮಾತು ನಿನ್ನದಾ, ಅವಳದ್ದಾ?"

ಯಾವ ಮಾತು ಎಂದು ನಾನು ಕೇಳಲಿಲ್ಲ. ವರ್ಷದಿಂದ ತಯಾರು ಮಾಡಿಟ್ಟ ಉತ್ತರ ಇತ್ತು. "ನನ್ನದೇ ಅಪ್ಪ. ಸೀರಿಯಲ್ಲಿಗೆ ಬರೆದದ್ದು."

"ನೀನು ಬರೆಯುದು ಗೊತ್ತುಂಟು ನಂಗೆ. ಅಷ್ಟು ಲಾಯ್ಕ್ ನಿಂಗೆ ಬರುದಿಲ್ಲ."

ಅವರು ಒಂದು ಎಪಿಸೋಡೂ ಬಿಡದೆ ನೋಡಿದವರು. ನಾನು ಸೋತೆ. ಸೋತವಳು ಸುಮ್ಮನಿರಲಿಲ್ಲ, ಗಾಯಕ್ಕೆ ಮದ್ದು ಹಚ್ಚುತ್ತೇನೆಂದು ಹೊರಟೆ. "ಅಮ್ಮ ಹೇಳಿದ್ದು ಹೌದು. ಆದರೆ ಅವಳು ಅತ್ತದ್ದಲ್ಲ ಅಪ್ಪ. ತಮಾಷೆಗೆ, ನಗಾಡಿಕೊಂಡು ಹೇಳಿದ್ದು. ಅಳು ಎಲ್ಲ ನಾವು ಹಾಕಿದ್ದು."

ಅಪ್ಪ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು. ಆಮೇಲೆ ಹೇಳಿದರು, "ಅತ್ತು ಹೇಳಿದ್ದಾದರೆ ಬೇಜಾರು ಇತ್ತು ಅಂತ ಆಯ್ತು. ಬೇಜಾರನ್ನು ಸರಿ ಮಾಡಬಹುದು. ನಾನು ಈ ಒಂದು ವರ್ಷ ಅದನ್ನೇ ಮಾಡಿದ್ದು." ಉಸಿರು ತೆಗೆದುಕೊಂಡರು. "ನಗಾಡಿಕೊಂಡು ಹೇಳಿದ್ದಾದರೆ ನಾನು ಇದ್ದದ್ದೂ ಇಲ್ಲದ್ದೂ ಅವಳಿಗೆ ಒಂದೇ ಅಲ್ವಾ? ಆವಡ್, ಆಗಲಿ ಬಿಡು ಮಗಾ."

ಅಮ್ಮ ಗಂಜಿ ತಂದಳು. ಎರಡು ಚಮಚ ಕುಡಿದು ಸಾಕು ಅಂದರು. ಆಮೇಲೆ ಬಟ್ಟಲು ಎತ್ತಿಡಲು ಹೋಗಲಿಲ್ಲ, ಚಹಾ ಕೇಳಲಿಲ್ಲ, ಏನೂ ಕೇಳಲಿಲ್ಲ. ಮೂರನೇ ದಿನ ತೀರಿಕೊಂಡರು.

ಉತ್ತರಕ್ರಿಯೆ ಮುಗಿದ ಮೇಲೆ ವಾಮಂಜೂರಿನ ಅತ್ತೆ ನಾಲ್ಕು ದಿನ ಅಮ್ಮನ ಜೊತೆ ಉಳಿದರು. ಒಂದು ಸಂಜೆ ಅಮ್ಮ ಅವರ ಹತ್ತಿರ ಹೇಳುತ್ತಿದ್ದಳು, ನಾನು ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದೆ. "ಈ ಒಂದು ವರ್ಷ ಅವರು ಎಷ್ಟು ಲಾಯ್ಕ್ ಇದ್ದರು ಗೊತ್ತುಂಟಾ? ಎಂತ ಬೇಕಾದರೂ ನನ್ನ ಹತ್ತಿರ ಕೇಳುದು. ನನಗೆ ಮದುವೆ ಆದ ಹಾಗೆ ಅನ್ನಿಸಿದ್ದೇ ಈಗ. ಈಗ ಹೋಗಬಾರದಿತ್ತು." ಹಾಗೆಂದು ಅಮ್ಮ ಅತ್ತಳು. ಅತ್ತೆ ಅವಳ ಬೆನ್ನು ಸವರುತ್ತಾ, "ಅಣ್ಣನಿಗೆ ನಿನ್ನ ಮನಸ್ಸು ಗೊತ್ತಿತ್ತು, ಎಲ್ಲ ಗೊತ್ತಿತ್ತು" ಎಂದು ಸಮಾಧಾನ ಹೇಳುತ್ತಿದ್ದರು. ಗೊತ್ತಿರಲಿಲ್ಲವೆಂದು ಹೇಳಬಲ್ಲವಳು ನಾನೊಬ್ಬಳೇ. ನಾನು ಬಟ್ಟೆ ಮಡಚುತ್ತಾ ಕೂತೆ.