ಅಂಗಾಲ ಹುಣ್ಣಿಗೆ ಕನ್ನಡಿ

ಅಂಗಾಲ ಹುಣ್ಣಿಗೆ ಕನ್ನಡಿ ಬೇಕೇ ಬೇಕು. ಗಾದೆಯನ್ನು ಅಂಗೈಯಿಂದ ಅಂಗಾಲಿಗೆ ಇಳಿಸಿದ್ದಕ್ಕೆ ಹಿರಿಯರು ಸಿಟ್ಟಾಗಬಾರದು. ಅಂಗೈ ಹುಣ್ಣನ್ನಾದರೆ ಎದುರಿದ್ದವರ ಮುಖದ ಮುಂದೆ ಹಿಡಿದು ತೋರಿಸಬಹುದು. ಅಂಗಾಲನ್ನು ಹಾಗೆ ಎತ್ತಿದರೆ ಒದೆಯಲು ಬಂದಳೆನ್ನುತ್ತಾರೆ. ತೆಲಂಗಾಣದ ಗಡಿಯ ನಾರಾಯಣಪೇಟೆಯ ಹಂಪಮ್ಮನವರ ಪಾಡು ಆದದ್ದು ಹೀಗೆಯೇ. ಇದು ಅಪ್ಪಟ ನಡೆದ ಕಥೆ. ನಡೆದದ್ದಕ್ಕಿಂತ ಓಡಿದ್ದೇ ಹೆಚ್ಚು.

ಸೂರ್ಯ ಹುಟ್ಟುವ ಹೊತ್ತು. ನೇಕಾರರ ಓಣಿಗೆ ಇನ್ನೂ ಮೋಟಾರ್ ಸೈಕಲ್ಲುಗಳು ನುಗ್ಗಿಲ್ಲ. ಓಣಿಯ ಈ ತುದಿಗೊಂದು ಗೂಟ, ಆ ತುದಿಗೊಂದು ಗೂಟ, ನಡುವೆ ಸಾಲಾಗಿ ನಿಂತ ಬಿದಿರ ಕೋಲುಗಳು. ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ ಹಂಪಮ್ಮ ನಡೆಯುತ್ತಿದ್ದಾರೆ. ಕೈಯಲ್ಲಿರುವ ಕೋಲಿನ ತುದಿಯಿಂದ ಕುಂಕುಮದ ಬಣ್ಣದ ಎಳೆ ಇಳಿದು ಒಂದು ಬಿದಿರಿನ ಎಡಕ್ಕೆ, ಮುಂದಿನದರ ಬಲಕ್ಕೆ ಹಾಯುತ್ತದೆ. ಆ ತುದಿ ಮುಟ್ಟುತ್ತಾರೆ, ತಿರುಗುತ್ತಾರೆ, ಈ ತುದಿಗೆ ಬರುತ್ತಾರೆ, ಮತ್ತೆ ತಿರುಗುತ್ತಾರೆ. ಓಣಿಯ ನಾಯಿಯೊಂದು ಸ್ವಲ್ಪ ಹೊತ್ತು ಅವರ ಜೊತೆ ಹೋಗಿ ಬಂದು ಮಾಡಿ, ಈ ವ್ಯವಹಾರದಲ್ಲಿ ತಿನ್ನಲು ಏನೂ ಸಿಗುವುದಿಲ್ಲವೆಂದು ತಿಳಿದು ಕಟ್ಟೆಯ ಕೆಳಗೆ ಮಲಗಿದೆ.

ಮಗ್ಗಕ್ಕೇರುವ ಮೊದಲು ಸೀರೆಯ ಉದ್ದದ ಎಳೆಗಳನ್ನು ಹೀಗೆ ಜೋಡಿಸಿಕೊಳ್ಳಬೇಕು. ಅದಕ್ಕೆ ಹಾಸು ಎನ್ನುತ್ತಾರೆ. ಸೀರೆಯ ಹೆಸರು ಊರಿನದು, ನೇಯ್ದ ಕೀರ್ತಿ ನೇಕಾರನದು, ಉಟ್ಟು ಫೋಟೊ ತೆಗೆಸಿಕೊಳ್ಳುವ ಭಾಗ್ಯ ಇನ್ಯಾರದೋ. ಹಾಸು ಹಾಕುವವರ ಹೆಸರು ಎಲ್ಲಿಯೂ ಬರುವುದಿಲ್ಲ. ಪತಿ ಭೀಮಯ್ಯ ಕುಣಿಮಗ್ಗದ ನೇಕಾರ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಏಳುವುದು ಊಟಕ್ಕೇ. “ನಮ್ಮವರ ಕಾಲು ಕುಣಿಯಾಗ, ನನ್ನ ಕಾಲು ಓಣಿಯಾಗ,” ಎನ್ನುತ್ತಾರೆ ಹಂಪಮ್ಮ. “ಅವ್ರು ಕುಂತು ನೇಯ್ತಾರ, ನಾ ನಡೆದು ನೇಯ್ತೀನಿ. ಒಂದ ಸೀರಿ, ನಾಕು ಕಾಲು ನೋಡ್ರಿ.”

ಈ ಕೆಲಸಕ್ಕೆ ಒಂದು ಕಟ್ಟಳೆಯಿದೆ. ಎಳೆ ಯಾವ ಗೂಟದಿಂದ ಹೊರಟಿತೋ ಅದೇ ಗೂಟಕ್ಕೆ ಬಂದು ಸೇರಬೇಕು. ಆಚೆ ತುದಿಯಲ್ಲಿ ಬಿಟ್ಟು ಬಂದರೆ ಹಾಸು ಬಿಚ್ಚಿಕೊಳ್ಳುತ್ತದೆ. “ಹೋದದ್ದು ಲೆಕ್ಕ ಅಲ್ರಿ, ಹೊಳ್ಳಿ ಬಂದದ್ದು ಲೆಕ್ಕ.” ಈ ಮಾತನ್ನು ಓದುಗರು ನೆನಪಿನ ಗೂಟಕ್ಕೆ ಸುತ್ತಿಟ್ಟುಕೊಳ್ಳುವುದು ಒಳ್ಳೆಯದು. ಕಥೆಯೂ ಇಲ್ಲಿಗೇ ಬಂದು ಸೇರಬೇಕಾಗಿದೆ.

ಹಂಪಮ್ಮನವರ ತವರು ಮಕ್ತಲ. ಓಡುವುದು ಎಲ್ಲಿಂದ ಬಂತು ಎಂದು ಕೇಳಿದರೆ ಅಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತ ಪಡಮಟಿ ಆಂಜನೇಯನ ಮೇಲೆ ಹಾಕುತ್ತಾರೆ. “ಗಾಳಿ ಮಗನ ಊರಾಕಿ ನಾನು. ಓಡದಿದ್ರ ದೇವ್ರು ಬೈತಾನ.” ಆದರೆ ಅವರನ್ನು ನಿಜವಾಗಿ ಓಡಲು ಹಚ್ಚಿದವರು ಶಾಲೆಯ ದೈಹಿಕ ಶಿಕ್ಷಕಿ ಕೃಷ್ಣಪ್ರಿಯಾ. ಹೈದರಾಬಾದಿನ ಓಟಗಳಿಗೆ ಹೋಗಿಬರುವ ಈಕೆ ಒಂದು ಬೆಳಿಗ್ಗೆ ತಮ್ಮ ಫೋನನ್ನು ಹಂಪಮ್ಮನವರ ಸೆರಗಿಗೆ ಕಟ್ಟಿ ಕಳಿಸಿದರು. ಹಾಸು ಮುಗಿದಾಗ ಫೋನು ಹನ್ನೆರಡು ಕಿಲೋಮೀಟರು ತೋರಿಸಿತು. “ಟೀಚರಮ್ಮಗ ಫೋನ್ ಕೆಟ್ಟೈತಿ ಅಂದೆ. ಅವ್ರು, ಇಲ್ಲ ಅಮ್ಮ, ನಿಮ್ಮ ಕಾಲು ಚಲೋ ಐತಿ ಅಂದ್ರು.” ಅಲ್ಲಿಂದ ಹಾಸಿನ ಕೆಲಸವಿಲ್ಲದ ದಿನ ಇಬ್ಬರೂ ಮಕ್ತಲದ ರಸ್ತೆ ಹಿಡಿದು ಓಡತೊಡಗಿದರು. ಹೀಗೆ ಒಂದು ವರ್ಷ ಕಳೆದ ಮೇಲೆ, ಕಳೆದ ಚಳಿಗಾಲದಲ್ಲಿ, ನಲವತ್ತನ್ನು ದಾಟಿದ ಹಂಪಮ್ಮ ನಲವತ್ತೆರಡು ಕಿಲೋಮೀಟರಿನ ಪೂರ್ತಿ ಮ್ಯಾರಥಾನ್ ಓಡಲು ಹೈದರಾಬಾದಿಗೆ ಬಸ್ ಹತ್ತಿದರು.

ಓಡಿದರು. ಕಚ್ಚೆ ಹಾಕಿ, ಹೊಸ ಬೂಟು ತೊಟ್ಟು ಓಡಿದರು. ಮುಕ್ಕಾಲು ದಾರಿಯಲ್ಲಿ ಬೂಟು ಕಚ್ಚಿತು. ಬಿಚ್ಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಓಡಿದರು. ಮುಗಿಸುವ ಜಾಗ ತಲುಪಿದಾಗ ಕಮಾನು ಕೆಳಗಿಳಿದಿತ್ತು. ಓಟಗಾರರು ದಾಟಿದ್ದನ್ನು ಗುರುತಿಸುವ ಚಾಪೆಯನ್ನು ಸುರುಳಿ ಸುತ್ತಿ ಲಾರಿಗೆ ಹಾಕುತ್ತಿದ್ದರು. ಪದಕವಿಲ್ಲ, ಚಪ್ಪಾಳೆಯಿಲ್ಲ. ಯಾರೋ ಎರಡು ಬಾಳೆಹಣ್ಣು ಕೊಟ್ಟರು. ಕಾದು ನಿಂತಿದ್ದ ಕೃಷ್ಣಪ್ರಿಯಾ ಒಬ್ಬರೇ ಅಪ್ಪಿಕೊಂಡರು.

ಮರುದಿನ ಹಂಪಮ್ಮ ಊರಿನ ಬಸ್ ನಿಲ್ದಾಣದಲ್ಲಿ ಇಳಿದದ್ದು ಹಿಮ್ಮುಖವಾಗಿ. ತೊಡೆಗಳು ಮೆಟ್ಟಿಲು ಇಳಿಯಲು ಒಪ್ಪಲಿಲ್ಲ. ಅದನ್ನು ಕಣ್ಣಾರೆ ಕಂಡವನು ಬಾಲರಾಜು.

ಬಾಲರಾಜುವಿನ ಪರಿಚಯವಿಲ್ಲದೆ ಈ ಲೇಖನ ಮುಂದೆ ಹೋಗುವುದಿಲ್ಲ. ಮೊಪೆಡ್ಡಿನಲ್ಲಿ ಮನೆಮನೆಗೆ ನೂಲು ಮುಟ್ಟಿಸಿ, ಮುಗಿದ ಹಾಸುಗಳನ್ನು ಮಗ್ಗಗಳ ಮಾಲೀಕ ಮಹೇಂದರ್ ಅವರಲ್ಲಿಗೆ ಒಯ್ಯುವುದು ಅವನ ಕೆಲಸ. ಕಸುಬು ನೂಲಿನದಾದರೂ ಗಂಟಲು ನಾಟಕದ್ದು. ತಹಶೀಲ್ದಾರರ ಕೆಮ್ಮಿನಿಂದ ಹಿಡಿದು ಅವರ ಜೀಪು ಶುರುವಾಗದ ಸದ್ದಿನವರೆಗೆ ಎಲ್ಲವನ್ನೂ ಗಂಟಲಲ್ಲೇ ತೆಗೆಯುತ್ತಾನೆ. ಓಟದ ಫಲಿತಾಂಶವನ್ನು ಫೋನಿನಲ್ಲಿ ಹುಡುಕಿದವನೂ ಅವನೇ. ಹಂಪಮ್ಮನವರ ಹೆಸರಿನ ಮುಂದೆ ‘ಮುಗಿಸಿಲ್ಲ’ ಎಂದಿತ್ತು. ಅಷ್ಟು ಸಾಕಾಯಿತು. ಮರುದಿನದಿಂದ ಹಂಪಮ್ಮ ಓಣಿಯಲ್ಲಿ ಕಂಡರೆ ಬಾಲರಾಜುವಿನ ಗಂಟಲಿನಿಂದ ಮುಂದಿನ ನಿಲ್ದಾಣವನ್ನು ತೆಲುಗಿನಲ್ಲಿ ಸಾರುವ ಹೈದರಾಬಾದ್ ಮೆಟ್ರೋದ ಹೆಣ್ಣುದನಿ ಹೊರಡುತ್ತಿತ್ತು: “ತದುಪರಿ ಸ್ಟೇಷನ್ ಅಮೀರ್‌ಪೇಟ್. ತಲುಪುಲು ಎಡಮ ವೈಪು ತೆರುಚುಕುಂಟಾಯಿ.” ಹಂಪಮ್ಮ ಅರ್ಧ ದಾರಿ ಓಡಿ ಉಳಿದರ್ಧ ಮೆಟ್ರೋ ಹತ್ತಿದ್ದಾರೆ, ಬಾಗಿಲು ಎಡಕ್ಕೆ ತೆರೆದಾಗ ಇಳಿದಿದ್ದಾರೆ ಎಂಬುದು ಅದರ ತಾತ್ಪರ್ಯ. ಓಣಿ ಬಿದ್ದು ಬಿದ್ದು ನಕ್ಕಿತು. ಕೃಷ್ಣಪ್ರಿಯಾ ಸಾಕ್ಷಿ ಹೇಳಿದರೆ, “ಗುರುಗಳ ಸಾಕ್ಷಿ ನಡೆಯಾಂಗಿಲ್ರಿ ಟೀಚರಮ್ಮ,” ಎಂದು ಮಂದಿ ತಳ್ಳಿಹಾಕಿದರು.

ಓಣಿಯ ನಗೆಯನ್ನು ಹಂಪಮ್ಮ ತಡೆದುಕೊಂಡರು. ತಡೆದುಕೊಳ್ಳಲಾಗದ್ದು ಅದರ ಮುಂದಿನದು. ಅವರ ಹಾಸನ್ನು ಇಷ್ಟು ವರ್ಷ ಯಾರೂ ಮತ್ತೊಮ್ಮೆ ಎಣಿಸಿದ್ದಿಲ್ಲ. “ಎಳಿ ಸರಿ ಅದಾವ” ಎಂದು ಅವರು ಹೇಳಿದರೆ ಸರಿ ಇದ್ದ ಹಾಗೆ. ಮೆಟ್ರೋ ಕಥೆ ಮಹೇಂದರ್ ಅವರ ಕಿವಿಗೆ ಬಿದ್ದ ವಾರ, ಅವರು ಹಂಪಮ್ಮ ಕಳಿಸಿದ ಹಾಸನ್ನು ಬಿಡಿಸಿ, ಇಬ್ಬರನ್ನು ಕೂರಿಸಿ ಎಣಿಸಿದರು. ಎಳೆಗಳು ಸರಿಯಾಗಿಯೇ ಇದ್ದವು. ಆದರೆ ಎಣಿಸಿದ್ದು ಎಣಿಸಿದ್ದೇ.

“ಆ ದಿನ ಊಟ ಸೇರಲಿಲ್ರಿ,” ಎನ್ನುತ್ತಾರೆ ಹಂಪಮ್ಮ. “ಓಡಿದ್ದು ಸುಳ್ಳು ಅಂದ್ರ ಅನ್ಲಿ. ನಾಳೆ ನಾ ಹಾಕಿದ ಎಳೀನೂ ಸುಳ್ಳು ಅಂದ್ರ? ನಮ್ಮಂಥೋರಿಗೆ ಮಾತು ಬಿಟ್ರ ಏನೈತ್ರಿ?”

ಅಷ್ಟರಲ್ಲಿ ಗದ್ವಾಲದಲ್ಲೊಂದು ಅರ್ಧ ಮ್ಯಾರಥಾನ್ ನಿಗದಿಯಾಗಿತ್ತು. ಕೋಟೆಯ ಬಾಗಿಲಿನಿಂದ ಹೊರಟು, ಹಳ್ಳಿಗಳನ್ನು ಸುತ್ತಿ, ಜೂರಾಲ ಅಣೆಕಟ್ಟೆಯ ಬಳಿ ಮುಗಿಯುವ ಇಪ್ಪತ್ತೊಂದು ಕಿಲೋಮೀಟರು. ಪೂರ್ತಿ ಓಡಿ ಮೂರೇ ವಾರವಾಗಿತ್ತು. ಹಂಪಮ್ಮ ಹೆಸರು ಕೊಡಿಸಿ ಎಂದಾಗ ಕೃಷ್ಣಪ್ರಿಯಾ ಬೈದರು.

“ಕಾಲಿಗೆ ಸ್ವಲ್ಪ ಸುಮ್ಮನಿರಾಕ ಬಿಡ್ರಿ ಅಮ್ಮ. ನರ ಹಿಡಿದ್ರ ಹಾಸಿನ ಕೆಲಸಕ್ಕೂ ಕುತ್ತು.”

“ಕಾಲು ಸುಮ್ಮನಿದ್ರೂ ಊರು ಸುಮ್ಮನಿರಂಗಿಲ್ಲಲ್ರೀ. ಹೈದರಾಬಾದ್ ದೂರ ಆತು, ಯಾರೂ ನೋಡಲಿಲ್ಲ. ಗದ್ವಾಲಕ್ಕಾದ್ರೂ ಬಂದು ನೋಡ್ಲಿ.”

ಭೀಮಯ್ಯ ಕುಣಿಯೊಳಗಿನಿಂದಲೇ ತೀರ್ಪು ಕೊಟ್ಟರು: “ಓಡ್ಲಿ ಬಿಡ್ರಿ ಟೀಚರಮ್ಮ. ಇಲ್ಲಿದ್ರ ಬಾಲರಾಜುನ್ನ ಹೊಡೀತಾಳ.”

ಓಟದ ಹಿಂದಿನ ಸಂಜೆ ಹಂಪಮ್ಮನವರಿಗೆ ಗುರುತಿಲ್ಲದ ನಂಬರಿನಿಂದ ಒಂದು ಕರೆ ಬಂತು. ಆಯೋಜಕ ಸುಜಯೀಂದ್ರ ಅವರ ದನಿ. ಗದ್ವಾಲದ ನಿವೃತ್ತ ಬ್ಯಾಂಕ್ ಅಧಿಕಾರಿ ಸುಜಯೀಂದ್ರ ಮಠದ ಸಭೆಗಳಲ್ಲಿ ಪಳಗಿದವರು. ‘ತಾವು’ ಎನ್ನದೆ ಆಕಳಿಗೂ ಹುಲ್ಲು ಹಾಕುವವರಲ್ಲ. ಹೆಸರು ಕೊಟ್ಟ ದಿನ ಅವರೇ ಫೋನಿನಲ್ಲಿ ಮಾತಾಡಿದ್ದರಿಂದ ಹಂಪಮ್ಮನವರಿಗೆ ಆ ದನಿಯ ಗುರುತಿತ್ತು.

“ನಮಸ್ಕಾರ, ತಾವು ಹಂಪಮ್ಮನವರೇ? ತಾವು ತಿಂಗಳೊಳಗೆ ಪೂರ್ತಿ ಮ್ಯಾರಥಾನ್ ಓಡಿದವರು. ತಮ್ಮಂಥವರಿಗೆ ಬೇರೆ ನಿಯಮವುಂಟು. ತಾವು ಅಣೆಕಟ್ಟೆಯನ್ನು ಮುಟ್ಟಿ, ಹೊರಟ ಕೋಟೆಬಾಗಿಲಿಗೇ ಓಡುತ್ತ ಮರಳಬೇಕು. ಇಲ್ಲವಾದರೆ ತಮ್ಮ ಓಟ ಲೆಕ್ಕಕ್ಕಿಲ್ಲ.”

ಬೇರೆ ಯಾರಾದರೂ ಆಗಿದ್ದರೆ ಹೌಹಾರುತ್ತಿದ್ದರು, ಇಲ್ಲವೆ ಕೃಷ್ಣಪ್ರಿಯಾ ಅವರನ್ನು ಕೇಳುತ್ತಿದ್ದರು. ಹಂಪಮ್ಮ, “ಆಗ್ಲಿ ಸಾರ್,” ಎಂದಷ್ಟೇ ಹೇಳಿ ಫೋನಿಟ್ಟರು. ಹೊರಟ ಗೂಟಕ್ಕೆ ಮರಳಬೇಕು ಎಂಬುದರಲ್ಲಿ ಕೇಳುವಂಥದ್ದು ಏನಿದೆ? ಹೈದರಾಬಾದಿನ ಓಟವೂ ಹೊರಟಲ್ಲಿಯೇ ಮುಗಿದಿತ್ತು. ನಿಜ ಹೇಳಬೇಕೆಂದರೆ, ಅಣೆಕಟ್ಟೆಯಲ್ಲೇ ಮುಗಿಯುವ ಓಟ ಅವರಿಗೆ ಮೊದಲಿನಿಂದಲೂ ಅರ್ಧಕ್ಕೆ ಬಿಟ್ಟ ಹಾಸಿನಂತೆ ಕಂಡಿತ್ತು.

ಫೋನಿನ ಆಚೆ ತುದಿಯಲ್ಲಿ ಇದ್ದವನು ಬಾಲರಾಜು ಎಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವನ ಲೆಕ್ಕ ಇಷ್ಟೇ ಇತ್ತು: ಮುಗಿಸಿದ ಮೇಲೆ ಹಂಪಕ್ಕ ಸುಜಯೀಂದ್ರರ ಬಳಿ ಹೋಗಿ “ಹೊಳ್ಳಿ ಓಡ್ಲೇನ್ರಿ?” ಎಂದು ಕೇಳುತ್ತಾಳೆ, ಅವರು ಕಣ್ಣು ಕಣ್ಣು ಬಿಡುತ್ತಾರೆ, ಮಂದಿ ನಗುತ್ತಾರೆ.

ಬೆಳಿಗ್ಗೆ ಹಂಪಮ್ಮ ಕೋಟೆಯ ಬಾಗಿಲಿನಿಂದ ಬೂಟಿನ ಗೊಡವೆಯಿಲ್ಲದೆ ಬರಿಗಾಲಲ್ಲಿ ಹೊರಟರು. ಮೊದಲ ಹಳ್ಳಿ ದಾಟುವವರೆಗೆ ತೊಡೆಗಳು ಹೈದರಾಬಾದನ್ನು ನೆನಪಿಸುತ್ತಲೇ ಇದ್ದವು. ಆಮೇಲೆ ಅವೂ ಸುಮ್ಮನಾದವು. ಅತ್ತ ಎರಡು ಆಟೋಗಳಲ್ಲಿ ಓಣಿಯವರು ಅಣೆಕಟ್ಟೆಗೆ ಬಂದು ನಿಂತಿದ್ದರು. ಮಹೇಂದರ್ ಕಾರಿನಲ್ಲಿ ಬಂದಿದ್ದರು. ಬಿಸಿಲು ಏರುವ ಮೊದಲೇ ರಸ್ತೆಯ ತಿರುವಿನಲ್ಲಿ ಹಂಪಮ್ಮನವರ ಹಳದಿ ಸೀರೆ ಕಂಡಿತು. ಈ ಸಲ ಚಾಪೆ ಹಾಸಿಯೇ ಇತ್ತು. ಅದನ್ನು ದಾಟಿದರು. ಸುಜಯೀಂದ್ರ ಪದಕ ಹಾಕಿ ಕೈಮುಗಿದರು. ಓಣಿಯವರು ಕೂಗು ಹಾಕಿದರು. ಹಂಪಮ್ಮ ನೀರು ಕುಡಿದು, ಕಮಾನಿನ ಕಂಬವನ್ನು ಗೂಟ ಮುಟ್ಟುವಂತೆ ಅಂಗೈಯಿಂದ ಮುಟ್ಟಿ, ತಿರುಗಿ, ಬಂದ ದಾರಿಯಲ್ಲೇ ಓಡತೊಡಗಿದರು.

ಎದುರಿನಿಂದ ಏದುಸಿರು ಬಿಡುತ್ತ ಬರುತ್ತಿದ್ದ ಓಟಗಾರರು ತಾವೇ ದಾರಿ ತಪ್ಪಿದೆವೇನೋ ಎಂದು ನಿಂತುಬಿಟ್ಟರು. “ಅಮ್ಮಾ, ತಾವು ಎಲ್ಲಿಗೆ?” ಎಂದು ಸುಜಯೀಂದ್ರ ಮೈಕಿನಲ್ಲಿ ಕೇಳಿದರು. ಹಂಪಮ್ಮ ಕೈ ಎತ್ತಿ ಕೋಟೆಯ ದಿಕ್ಕು ತೋರಿಸಿ ಓಡುತ್ತಲೇ ಇದ್ದರು.

“ಕೋಟಿಗೆ ಹೊಂಟಾಳ,” ಎಂದ ಬಾಲರಾಜು. ಅವನ ಬಾಯಿಂದ ಅವನದೇ ದನಿ ಬಂದದ್ದು ಅಪರೂಪ. “ಖರೇನೇ ಹೊಂಟಾಳ!”

ಓಟ ಮುಗಿಯುವವರೆಗೆ ಪೊಲೀಸರು ಆ ರಸ್ತೆಗೆ ವಾಹನ ಬಿಡುತ್ತಿರಲಿಲ್ಲ. ಚಹಾದಂಗಡಿಗೂ ಮೊಪೆಡ್ ಮೇಲೆ ಹೋಗುವ ಬಾಲರಾಜು ಓಡಬೇಕಾಯಿತು. ಸ್ವಲ್ಪ ದೂರದಲ್ಲೇ ಒಂದು ಚಪ್ಪಲಿ ಕಿತ್ತಿತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಓಡಿದ.

“ಹಂಪಕ್ಕಾ, ನಿಲ್ಲು! ನಾ ಸುಳ್ಳು ಹೇಳೀನಿ!”

ಹಂಪಮ್ಮ ಹಿಂದೆ ನೋಡಲಿಲ್ಲ. “ನೀ ಖರೆ ಹೇಳಿದ್ದ ಯಾವಾಗೋ? ಸಾಕು ನಿನ್ನ ಮೆಟ್ರೋ!”

“ನಿನ್ನಾಣಿಗೂ ಅಕ್ಕಾ! ಹೊಳ್ಳಿ ಓಡೋದು ಇಲ್ಲ!”

“ನಿನ್ನ ಆಣಿ ನಂಬಿದ್ರ ನಾ ಇನ್ನೂ ಅಮೀರ್‌ಪೇಟದಾಗ ಇರ್ತಿದ್ದೆ!”

ಅಂತರ ಹೆಚ್ಚುತ್ತ ಹೋಯಿತು. ಬಾಲರಾಜುವಿಗೆ ಉಸಿರು ಉಳಿದದ್ದು ಇನ್ನೊಂದೇ ಮಾತಿಗೆ. ಅದನ್ನು ತನ್ನ ದನಿಯಲ್ಲಿ ಖರ್ಚು ಮಾಡಿ ಉಪಯೋಗವಿಲ್ಲವೆಂದು ಗೊತ್ತಾಗಿತ್ತು. ನಡುರಸ್ತೆಯಲ್ಲಿ ನಿಂತು, ಎದೆ ಹಿಡಿದು, ಸುಜಯೀಂದ್ರರ ದನಿ ತೆಗೆದ: “ಅಮ್ಮಾ! ತಾವು ದಯವಿಟ್ಟು ನಿಲ್ಲಬೇಕು!”

ಹಂಪಮ್ಮ ತಟ್ಟನೆ ನಿಂತರು. ಸಾಹೇಬರು ಇಷ್ಟು ದೂರ ಓಡಿ ಬಂದರೇ ಎಂದು ಗಾಬರಿಯಾಗಿ ತಿರುಗಿದರು. ಸುಜಯೀಂದ್ರ ಇರಲಿಲ್ಲ. ರಸ್ತೆಯ ನಡುವೆ ಒಂದು ಕಾಲು ಬರಿದು, ಕೈಯಲ್ಲಿ ಕಿತ್ತ ಚಪ್ಪಲಿ, ಬಾಯಲ್ಲಿ ಸುಜಯೀಂದ್ರರ ದನಿ ಹೊತ್ತು ಬಾಲರಾಜು ನಿಂತಿದ್ದ. ನಿನ್ನೆ ಸಂಜೆಯ ಫೋನು ಯಾರದೆಂದು ಹಂಪಮ್ಮನವರಿಗೆ ಆಗ ತಿಳಿಯಿತು.

“ಮೊದ್ಲು ಸಿಟ್ಟು ಬಂತ್ರಿ,” ಎಂದು ಈಗ ನೆನೆಯುತ್ತಾರೆ. “ಅವನ ಮಾರಿ ನೋಡಿದೆ. ನಾಲಿಗಿ ಹೊರಗ ಬಿದ್ದಿತ್ತು. ನಗಿ ಬಂದುಬಿಡ್ತು. ರಸ್ತೆ ಮ್ಯಾಲೇ ಕುಂತೆ. ಏಳಾಕ ಆಗವಲ್ದು. ಕಾಲು ನೊಂದಿದ್ದಕ್ಕಲ್ಲ, ನಗಿಗೆ.”

ಓಣಿಯವರು ಹಿಂದೆಯೇ ಓಡಿ ಬಂದರು. ಬಾಲರಾಜು ಎಲ್ಲರೆದುರು ಒಪ್ಪಿಕೊಂಡ: “ಮೆಟ್ರೋ ಮಾತು ನಾ ಕಟ್ಟಿದ್ದು, ನಿನ್ನಿ ಫೋನೂ ನಂದ. ಇಪ್ಪತ್ತೊಂದು ಓಡಿ, ಒಂದು ಮಾತೂ ಕೇಳದಂಗ ಮತ್ತ ಇಪ್ಪತ್ತೊಂದಕ್ಕ ಹೊಂಟಾಕಿ ಅಲ್ಲಿ ಯಾಕ ಮೆಟ್ರೋ ಹತ್ತತಾಳ್ರೋ?” ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಮಹೇಂದರ್ ಹಂಪಮ್ಮನವರ ಕಡೆ ನೋಡದೆ, “ಇನ್ನ ನಿನ್ನ ಹಾಸು ಎಣಿಸಾಂಗಿಲ್ಲಮ್ಮ,” ಎಂದರು.

“ಎಣಿಸ್ರಿ ಸಾವ್ಕಾರ್ರೆ, ಬ್ಯಾಡ ಅನ್ನಂಗಿಲ್ಲ,” ಎಂದರು ಹಂಪಮ್ಮ. “ಆದ್ರ ಕುಂತು ಎಣಿಸಬ್ಯಾಡ್ರಿ. ಓಣಿಗೆ ಬಂದು ನನ್ನ ಜೋಡಿ ನಡಕೋತ ಎಣಿಸ್ರಿ.” ಮಹೇಂದರ್ ಈವರೆಗೆ ಬಂದಿಲ್ಲ. ಎಣಿಸಿಯೂ ಇಲ್ಲ.

ಪದಕ ಈಗ ಭೀಮಯ್ಯನವರ ಮಗ್ಗದ ಮೇಲಿನ ಮೊಳೆಯಲ್ಲಿ ತೂಗುತ್ತದೆ. ಪ್ರತಿ ಹೊಡೆತಕ್ಕೂ ಸಣ್ಣಗೆ ಸದ್ದು ಮಾಡುತ್ತದೆ. ಮುಂದಿನ ಆಸೆ ಏನೆಂದರೆ ಹಂಪಮ್ಮನವರ ಉತ್ತರ ಸರಳ: “ಮತ್ತೊಮ್ಮೆ ಹೈದರಾಬಾದಿಗೆ ಹೋಗ್ಬೇಕ್ರಿ. ಚಾಪಿ ಸುತ್ತೋಕಿಂತ ಮೊದ್ಲು ಮುಟ್ಟಬೇಕು. ಆಮ್ಯಾಲ ಒಮ್ಮೆ ಮೆಟ್ರೋ ಹತ್ತಬೇಕು. ಇಷ್ಟು ಮಾತು ಕೇಳೀನಿ, ಅದು ಹೆಂಗಿರ್ತೈತೋ ನೋಡೇ ಇಲ್ಲ.”

ಬಿಸಿಲು ಓಣಿಗೆ ಇಳಿದಿದೆ. ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಬಾಲರಾಜು ಬಂದವರಿಗೆ ಈ ಕಥೆಯನ್ನು ಇನ್ನೊಮ್ಮೆ ಹೇಳುತ್ತಿದ್ದಾನೆ. ಸುಜಯೀಂದ್ರ ಬರುತ್ತಾರೆ, ಮಹೇಂದರ್ ಬರುತ್ತಾರೆ, ಕಿತ್ತ ಚಪ್ಪಲಿಯ ಸದ್ದೂ ಬರುತ್ತದೆ. ಹಂಪಕ್ಕ ತಿರುಗಿ ನೋಡಿ ನಕ್ಕ ಜಾಗಕ್ಕೆ ಬಂದಾಗ ಮಾತ್ರ ನಿಲ್ಲುತ್ತಾನೆ. ಆ ನಗೆ ಅವನ ಗಂಟಲಿಗೆ ಇನ್ನೂ ಕೂತಿಲ್ಲ. ಎರಡು ಸಲ ಪ್ರಯತ್ನಿಸುತ್ತಾನೆ, ಕೆಮ್ಮು ಬರುತ್ತದೆ.

ಓಣಿಯ ಆ ತುದಿಯಲ್ಲಿ, ಗೂಟದ ಬಳಿ ಎಳೆ ತಿರುಗಿಸುತ್ತಿದ್ದ ಹಂಪಮ್ಮ ಅವನ ಕೊರತೆಯನ್ನು ತುಂಬಿಕೊಡುತ್ತಾರೆ. ಆ ನಗುವಿಗೆ ಕಟ್ಟೆಯ ಕೆಳಗಿನ ನಾಯಿ ಎದ್ದು ಕೂರುತ್ತದೆ. ಕಟ್ಟೆಯ ಮೇಲಿನವರೆಲ್ಲ ಸೇರಿ ನಕ್ಕರೂ ಅದರ ಅರ್ಧಕ್ಕೆ ಬರುವುದಿಲ್ಲ. ನಗುತ್ತಲೇ ಅವರು ಎಳೆ ಹಿಡಿದು ಮೊದಲ ಗೂಟದ ಕಡೆಗೆ ಹೊರಡುತ್ತಾರೆ.