ಹಳೇ ಬಜಾರಿಗೆ ಒಂದು ಸೀಟು

ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು, ಇಸ್ತ್ರಿ ಪೆಟ್ಟಿಗೆಗೆ ಕರೆಂಟು ಕೊಟ್ಟು, ಅದು ಕಾಯುವಷ್ಟು ಹೊತ್ತು ಇಸ್ತ್ರಿಯಮ್ಮ ಸುಮ್ಮನೆ ನಿಲ್ಲುತ್ತಿದ್ದಳು. ಆಮೇಲೆ ಬಲಗೈಯ ನಾಲ್ಕು ಬೆರಳ ತುದಿಯನ್ನು ನೀರಿನ ಬಟ್ಟಲಲ್ಲಿ ಅದ್ದಿ, ಪೆಟ್ಟಿಗೆಯ ತಳಕ್ಕೆ ತಟ್ಟಿ ತೆಗೆಯುತ್ತಿದ್ದಳು. ಚುಂಯ್ ಎಂದು ಮೊಟಕಾಗಿ ಸದ್ದು ಬಂದರೆ ಹತ್ತಿ ಬಟ್ಟೆಗೆ ಸರಿ, ಎಳೆದಂತೆ ಬಂದರೆ ನವಿರು ಬಟ್ಟೆಗೆ. ಶಾಖ ಹೆಚ್ಚು ಕಡಿಮೆ ಮಾಡುವ ಗುಂಡಿ ಕೆಟ್ಟು ಯಾವ ಕಾಲವಾಗಿತ್ತೋ. ರಿಪೇರಿ ಮಾಡಿಸಿ ಎಂದವರಿಗೆ, "ಗುಂಡಿ ಸುಳ್ಳು ಹೇಳುತ್ತೆ, ಬೆರಳು ಹೇಳಲ್ಲ" ಎನ್ನುವಳು. ತಟ್ಟಿದ ಬೆರಳನ್ನು ಕಣ್ಣಿಗೊತ್ತಿಕೊಂಡು, ದೇವರೇ, ಇವತ್ತು ಯಾರ ಬಟ್ಟೆಯೂ ಸುಡದಿರಲಿ ಎಂದು ಮನಸ್ಸಿನಲ್ಲೇ ಹೇಳಿ ಮೊದಲ ಅಂಗಿ ಹರವುವಳು. ಜ್ವರ ಬಂದ ದಿನವೂ ಇದು ತಪ್ಪಿರಲಿಲ್ಲ. ಮಗಳು ಮನೆ ಬಿಟ್ಟು ಹೋದ ಮರುದಿನವೂ ತಪ್ಪಿರಲಿಲ್ಲ.

ಮಗಳು ಹೋದದ್ದು ಪರದೇಶಕ್ಕೆ. ಗಡಿಯಾಚೆಯ ದೊಡ್ಡ ಊರೊಂದರಲ್ಲಿ, ಬ್ಯಾಗು ಮಾರುವ ಅಂಗಡಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಆ ಊರಿನ ಒಬ್ಬ ಹುಡುಗನ ಮೇಲೆ ಮನಸ್ಸೂ ಇತ್ತು. ತಾಯಿಗೆ ಎರಡೂ ಹಿಡಿಸಲಿಲ್ಲ.

ಆ ಮನೆಯಲ್ಲಿ ಸಿಟ್ಟು ಬಂದರೆ ಯಾರೂ ಕೂಗಾಡುವುದಿಲ್ಲ, ಮಾತು ಬಿಡುತ್ತಾರೆ. ಹೇಳಲೇಬೇಕಾದ್ದಿದ್ದರೆ ಮೂರನೆಯವರ ಬಾಯಲ್ಲಿ ಹೇಳಿಸುತ್ತಾರೆ. "ನಿಮ್ಮಪ್ಪನ್ನ ಊಟಕ್ಕೆ ಕರಿ" ಎಂದು ಗಂಡನ ಎದುರಿಗೇ ನಿಂತು ಇವಳು ಮಗಳಿಗೆ ಹೇಳುವುದು, "ಹಸಿವಿಲ್ಲ ಅಂತ ನಿಮ್ಮಮ್ಮನಿಗೆ ಹೇಳು" ಎಂದು ಅವನು ಕೂತಲ್ಲಿಂದಲೇ ಹೇಳುವುದು. ನಡುವೆ ಸಿಕ್ಕ ಮಗಳು, "ಇಬ್ಬರಿಗೂ ಕೇಳಿಸ್ತಲ್ಲ, ಇನ್ನು ನಾನು ಊಟ ಮಾಡ್ತೀನಿ" ಎಂದು ತಟ್ಟೆ ಎಳೆದುಕೊಂಡರೆ ಎಷ್ಟೋ ಸಲ ಅಲ್ಲಿಗೆ ಜಗಳ ನಗುವಾಗಿ ಮುಗಿದದ್ದುಂಟು.

ಮಗಳು ಹೊರಟ ದಿನ ನಗಿಸುವವರಿರಲಿಲ್ಲ. ತಾಯಿ ಅಂಗಡಿ ಬಿಟ್ಟು ಕದಲಲಿಲ್ಲ. ನಾದಿನಿಯನ್ನು ಕರೆದು, "ಇನ್ನೊಂದು ಸಲ ಯೋಚನೆ ಮಾಡಿ ಹೋಗು ಅಂತ ಹೇಳು ಅವಳಿಗೆ" ಎಂದಳು. ನಾದಿನಿ ಕೆಟ್ಟವಳಲ್ಲ, ಆದರೆ ಕಡ್ಡಿಯನ್ನು ಗುಡ್ಡ ಮಾಡದೆ ಅವಳಿಗೆ ಒಂದು ಮಾತನ್ನೂ ಸಾಗಿಸಲು ಬಾರದು. ಅಂಗಡಿಯಿಂದ ಮನೆ ತಲುಪುವಷ್ಟರಲ್ಲಿ ಆ ಮಾತು, "ಹೋದವಳು ಹೋದ ಹಾಗೇ ಇರಲಿ, ತಿರುಗಿ ಈ ಹೊಸಿಲು ತುಳಿಯೋದು ಬೇಡ ಅಂದ್ರು ನಿಮ್ಮಮ್ಮ" ಎಂದಾಗಿತ್ತು. ಇದು ತಾಯಿಗೆ ಗೊತ್ತಾಗುವ ಹೊತ್ತಿಗೆ ಮಗಳು ಗಡಿ ದಾಟಿದ್ದಳು, ಫೋನಿನ ನಂಬರು ಬದಲಾಗಿತ್ತು. "ನಿಮ್ಮ ಮುಖ ನೋಡಿದ್ರೆ ಅದೇ ಅರ್ಥ ಅನ್ನಿಸ್ತು ಅತ್ತಿಗೆ" ಎಂದಳು ನಾದಿನಿ. ಅವಳಿಗೆ ಅನ್ನುವುದಿದ್ದರೆ ಇಸ್ತ್ರಿಯಮ್ಮ ಮೊದಲು ತನಗೆ ಅಂದುಕೊಳ್ಳಬೇಕಿತ್ತು.

ಹೀಗೆ ಎರಡು ವರ್ಷವಾದ ಮೇಲೆ ಬ್ಯಾಂಕಿನ ಮೇಡಂ ಒಂದು ಗಂಟು ಮುದುಡಿದ ಬಟ್ಟೆ ತಂದು ಕಟ್ಟೆಯ ಮೇಲಿಟ್ಟರು. ಅವರು ಆ ಗಡಿಯಾಚೆಯ ಊರಿನ ಪ್ರವಾಸದಿಂದ ಆಗಷ್ಟೇ ಬಂದಿದ್ದರು.

"ನಿಮ್ಮ ಮಗಳನ್ನ ನೋಡಿದೆ ಕಣ್ರೀ. ಅಲ್ಲಿ ಹಳೇ ಬಜಾರ್ ಅಂತ ಇದೆ, ಅದರ ಬಾಗಿಲ ಹತ್ತಿರದ ಅಂಗಡೀಲಿ. ಬಸುರಿ. ಏಳು ತುಂಬಿರಬೇಕು. ಸೊರಗಿ ಕಡ್ಡಿ ಆಗಿದಾಳೆ."

ಇಸ್ತ್ರಿಯಮ್ಮ ಪೆಟ್ಟಿಗೆಯನ್ನು ನಿಲ್ಲಿಸಿದಳು. "ಮಾತಾಡಿದಳಾ?"

"ಮಾತಾಡಿಸಿದೆ. ನಮ್ಮ ಭಾಷೆನೇ ಬರಲ್ಲ ಅನ್ನೋ ಹಾಗೆ ಮುಖ ನೋಡಿದಳು. ಆ ಊರ ಮಾತಲ್ಲಿ ಬ್ಯಾಗಿನ ಬೆಲೆ ಹೇಳಿ ಸುಮ್ಮನಾದಳು."

"ಬೇರೆ ಯಾರೋ ಇರಬಹುದು ಮೇಡಂ."

"ನಾನು ಕೊಂಡ ಬ್ಯಾಗನ್ನ ಕಾಗದದಲ್ಲಿ ಸುತ್ತಿ ಕೊಟ್ಟಳಲ್ಲ, ಮಡಿಕೆ ಮೇಲೆ ಹೀಗೆ ಕೈ ಸವರಿದಳು. ಇಸ್ತ್ರಿ ಮನೆ ಹುಡುಗಿ ಅಲ್ಲದೆ ಇನ್ಯಾರು ಹಾಗೆ ಸವರ್ತಾರೆ?"

ಮೇಡಂ ಹೋದ ಮೇಲೆ ಗಂಡ, ತನ್ನ ಮೇಜಿನಿಂದ ತಲೆ ಎತ್ತದೆ, "ಏನಂತೆ" ಎಂದ. ಹೇಳಿದಳು. ಅವನು ಕೈಯಲ್ಲಿದ್ದ ದಿಂಬಿನ ಚೀಲವನ್ನು ಮತ್ತೆ ಮತ್ತೆ ಅದೇ ಮಗ್ಗುಲಿಗೆ ಉಜ್ಜುತ್ತಲೇ ಇದ್ದ.

ಮರುದಿನ ಅವಳು ಕೊಡೆ ಮೇಷ್ಟ್ರ ಕಚೇರಿಗೆ ಹೋದಳು. ಮೇಷ್ಟ್ರಾಗಿದ್ದು ನಿವೃತ್ತಿಯಾದ ಮೇಲೆ ಅವರು ಜನರನ್ನು ಪ್ರವಾಸ ಕರೆದೊಯ್ಯುತ್ತಿದ್ದರು. ಗುಂಪು ಚದುರದಿರಲೆಂದು ಮಡಚಿದ ಹಳದಿ ಕೊಡೆಯನ್ನು ಮೇಲೆತ್ತಿ ಮುಂದೆ ನಡೆಯುವುದು ಅವರ ಪದ್ಧತಿ. ಹಿಂದೆ ಮಕ್ಕಳನ್ನು ನಡೆಸಿದ್ದರು, ಈಗ ದೊಡ್ಡವರನ್ನು. "ವ್ಯತ್ಯಾಸ ಏನಿಲ್ಲಮ್ಮ, ಇವರೂ ಸಾಲು ತಪ್ಪಿಸಿ ತಿಂಡಿ ಅಂಗಡಿಗೆ ಓಡ್ತಾರೆ" ಎನ್ನುತ್ತಿದ್ದರು.

ಮಗಳಿದ್ದ ಊರಿಗೆ ಅವರ ಪ್ರವಾಸ ಕೆಲವೇ ದಿನಗಳದು. ಅರಮನೆ, ದೋಣಿಯಲ್ಲಿ ಒಂದು ಸುತ್ತು, ಗಾಜಿನ ಗೋಪುರ, ಒಂದು ಮಧ್ಯಾಹ್ನ ಶಾಪಿಂಗ್‌ಗೆ ಬಿಡುವು. ಇಸ್ತ್ರಿಯಮ್ಮ ಅರಮನೆ ಕೇಳಲಿಲ್ಲ, ಗೋಪುರ ಕೇಳಲಿಲ್ಲ. "ಬಿಡುವು ಎಲ್ಲಿ ಕೊಡ್ತೀರಿ?" ಎಂದಳು.

"ದೊಡ್ಡ ಮಾಲ್‌ನಲ್ಲಿ. ತಂಪಾಗಿರುತ್ತೆ, ಲಿಫ್ಟ್ ಇದೆ."

"ಹಳೇ ಬಜಾರಲ್ಲಿ ಕೊಡಬಹುದಲ್ಲ."

"ಎಲ್ಲರೂ ಕೇಳಿದರೆ ಕೊಡಬಹುದು. ನಿಮ್ಮೊಬ್ಬರಿಗೋಸ್ಕರ ಬಸ್ಸು ತಿರುಗಿಸೋಕಾಗುತ್ತಾ?"

ಎಲ್ಲರೂ ಕೇಳುವಂತೆ ಮಾಡುವುದು ಇಸ್ತ್ರಿಯಮ್ಮನಿಗೆ ಕಷ್ಟವಾಗಲಿಲ್ಲ. ಪ್ರವಾಸಕ್ಕೆ ಹೆಸರು ಕೊಟ್ಟ ಮುಕ್ಕಾಲು ಜನರ ಬಟ್ಟೆ ಇಸ್ತ್ರಿಗೆ ಬರುತ್ತಿದ್ದುದು ಅವಳ ಅಂಗಡಿಗೇ. ಮಡಿಸಿದ ಬಟ್ಟೆ ಕೈಗಿಡುವಾಗ, "ಅಲ್ಲಿ ಹಳೇ ಬಜಾರಲ್ಲಿ ಬ್ಯಾಗು ಚೆನ್ನಾಗಿರುತ್ತಂತೆ" ಎಂದು ಒಬ್ಬರಿಗೆ. "ಮಾಲ್‌ನಲ್ಲಿ ಸಿಗೋದು ಇಲ್ಲೂ ಸಿಗುತ್ತಲ್ಲ ಬಿಡಿ" ಎಂದು ಇನ್ನೊಬ್ಬರಿಗೆ. ಸುಳ್ಳಾಡುತ್ತಿದ್ದೇನೆಯೇ ಎಂದು ರಾತ್ರಿ ದೇವರ ಮುಂದೆ ಕೂತು ಲೆಕ್ಕ ಹಾಕುವಳು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ ಎಂದು ತಾನೇ ತೀರ್ಮಾನಿಸಿ ಕೈಮುಗಿಯುವಳು. ಕೆಲವೇ ದಿನಗಳಲ್ಲಿ ಮೇಷ್ಟ್ರೇ ಅಂಗಡಿಗೆ ಬಂದರು. "ಏನಮ್ಮ ಇದು, ಎಲ್ಲರ ಬಾಯಲ್ಲೂ ಹಳೇ ಬಜಾರ್. ಬಸ್ಸು ಅಲ್ಲಿಗೇ ಹೋಗುತ್ತೆ, ಆಯ್ತಾ?" ಎಂದರು. ಆಗ ಅವಳು ನಿಜ ಹೇಳಿದಳು. ಹೆರಿಗೆಗೆ ಮುಂಚೆ ಇರುವುದು ಇದೊಂದೇ ಪ್ರವಾಸ, ಮುಂದಿನದು ಮಳೆಗಾಲ ಕಳೆದ ಮೇಲೆ ಎಂಬುದನ್ನೂ ಹೇಳಿದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡು, ಸೀಟು ಹಿಡಿದಿಟ್ಟೆ ಎಂದು ಹೊರಟರು.

ಶಾಪಿಂಗ್‌ಗೆ ಹೊರಟವರು ಖಾಲಿ ಚೀಲ ಒಯ್ಯುತ್ತಾರೆ. ಇವಳ ಚೀಲ ಇಲ್ಲೇ ತುಂಬತೊಡಗಿತು. ಹಳೆಯ ಮೆತ್ತನೆ ಹತ್ತಿ ಬಟ್ಟೆಗಳನ್ನು ಒಗೆದು, ಕೂಸಿಗೆಂದು ಚೌಕವಾಗಿ ಕತ್ತರಿಸಿ, ಅಂಚು ಹೊಲಿದಳು. ಅವನ್ನು ಇಸ್ತ್ರಿ ಮಾಡಿದವನು ಗಂಡ. ಅಂಗೈಯಗಲದ ಬಟ್ಟೆಗೂ ಮದುವೆ ಸೂಟಿಗೆ ಹಿಡಿಯುವಷ್ಟು ಹೊತ್ತು ಹಿಡಿಯುತ್ತಿದ್ದ.

"ಈ ವಯಸ್ಸಲ್ಲಿ ಫಾರಿನ್ ಶಾಪಿಂಗ್ ಹುಚ್ಚು" ಎಂದು ನಾದಿನಿ ಅಣಕಿಸಿದಳು. ಮಗಳ ವಿಷಯ ಅವಳಿಗೆ ಏನೂ ಹೇಳಿರಲಿಲ್ಲ. "ನನಗೇನು ತರ್ತೀರಿ ಅತ್ತಿಗೆ?"

"ನಿನ್ನ ಬಾಯಿಗೊಂದು ಬೀಗ ತರ್ತೀನಿ."

"ಎರಡು ತನ್ನಿ. ಒಂದು ಸಾಲಲ್ಲ."

ಪಾಸ್‌ಪೋರ್ಟು ಮೊದಲೇ ಇತ್ತು. ತನ್ನದನ್ನು ಮಾಡಿಸುವಾಗ ಮಗಳೇ, ಮನೆಯವರದ್ದೆಲ್ಲ ಇರಲಿ ಎಂದು ಮಾಡಿಸಿಟ್ಟಿದ್ದಳು. ಆಗ ಬೆರಳಿನ ಗುರುತು ಸರಿಯಾಗಿ ಮೂಡದಿದ್ದರೂ ಹೇಗೋ ನಡೆದುಹೋಗಿತ್ತು. ವೀಸಾ ಕಚೇರಿಯಲ್ಲಿ ನಡೆಯಲಿಲ್ಲ. ಪುಟ್ಟ ಗಾಜಿನ ಮೇಲೆ ಬಲಗೈಯ ನಾಲ್ಕು ಬೆರಳು ಒತ್ತಬೇಕು, ಹಸಿರು ದೀಪ ಬರಬೇಕು. ಎಡಗೈಗೆ ಹಸಿರು ಬಂತು. ಬಲಗೈಗೆ ಕೆಂಪು.

"ಇನ್ನೊಂದ್ಸಲ ಒತ್ತಿ ಅಮ್ಮ" ಎಂದಳು ಕೌಂಟರಿನ ಹುಡುಗಿ. ಕೆಂಪು. ಒರೆಸಿ ಒತ್ತಿದಳು, ಕೆಂಪು. ಹುಡುಗಿ ಎದ್ದು ಬಂದು ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. "ಗೆರೆನೇ ಇಲ್ಲವಲ್ಲಮ್ಮ. ಏನು ಕೆಲಸ ಮಾಡ್ತೀರಿ?"

ಹೇಳಿದಾಗ ಹುಡುಗಿಗೆ ಅಯ್ಯೋ ಅನ್ನಿಸಿತು. ಕೆಲಸ ಬಿಟ್ಟು, ಎಣ್ಣೆ ಹಚ್ಚಿ, ಬೆರಳಿಗೆ ಬಿಡುವು ಕೊಟ್ಟರೆ ಗೆರೆ ಮತ್ತೆ ಮೂಡುತ್ತದೆ. ಪ್ರವಾಸ ಹೊರಡುವ ಮುಂಚೆ ಇನ್ನೊಂದು ದಿನ ಬರೆದುಕೊಡುತ್ತೇನೆ, ಅದೇ ಕೊನೆ ಎಂದಳು.

"ಹಣೆಬರಹ ಅಳಿಸೋಕಾಗಲ್ಲ ಅಂತಾರೆ, ನೀವು ಬೆರಳಿನ ಬರಹ ಅಳಿಸ್ಕೊಂಡು ಕೂತಿದೀರಲ್ಲ ಅತ್ತಿಗೆ" ಎಂದ ನಾದಿನಿ, ಅತ್ತಿಗೆಯ ಮುಖ ಕಂಡು ನಾಲಿಗೆ ಕಚ್ಚಿಕೊಂಡಳು. ಮಾರನೆಯ ದಿನದಿಂದ ಕರೆಯದೆಯೇ ಬಂದು ಅಂಗಡಿಯಲ್ಲಿ ನಿಂತಳು. ಇಸ್ತ್ರಿಯಮ್ಮ ಮನೆಯಲ್ಲಿ ಕೂತಳು. ಕೈಗೆ ಎಣ್ಣೆ ಸವರಿ, ಹಳೆ ಬಟ್ಟೆ ಸುತ್ತಿ, ಬಾಣಂತಿಯ ಹಾಗೆ ಕೂತಳು. ಪಾತ್ರೆ ಮುಟ್ಟಲಿಲ್ಲ, ಸೋಪು ಮುಟ್ಟಲಿಲ್ಲ. ದಿನಕ್ಕೆ ಎಷ್ಟು ಸಲವೋ ಕಿಟಕಿಯ ಬಳಿ ಬೆರಳು ಬಿಚ್ಚಿ ನೋಡುವಳು. ಎಲ್ಲರಿಗೂ ಹುಟ್ಟುವಾಗಲೇ ಕೊಟ್ಟದ್ದನ್ನು ಎರಡನೇ ಸಲ ಕೇಳುವುದಕ್ಕೆ ಅವಳಿಗೆ ದೇವರ ಮುಂದೆ ನಾಚಿಕೆ. ಆದರೂ ಕೇಳಿದಳು. ದೇವರು ಕೊಟ್ಟ. ಮೊದಲು ಕಿರುಬೆರಳಲ್ಲಿ, ಆಮೇಲೆ ಉಳಿದವುಗಳಲ್ಲಿ, ನೀರಿನ ಮೇಲಿನ ಸುಳಿಯಂತೆ ಸಣ್ಣಗೆ ಗೆರೆ ಕಾಣಿಸಿತು. ಗಂಡನನ್ನು ಕರೆದು ತೋರಿಸಿದಳು. ಅವನು ಬಹಳ ಹೊತ್ತು ನೋಡಿ, "ಸಣ್ಣ ಹುಡುಗಿ ಕೈ ಆಗಿದೆ" ಎಂದ.

ವೀಸಾ ಕಚೇರಿಗೆ ಹೋಗಬೇಕಾದ ಬೆಳಿಗ್ಗೆ ಅವಳು ಸೀರೆ ಉಟ್ಟು, ಚೀಲ ಹಿಡಿದು, ಹೇಳಿ ಹೋಗೋಣವೆಂದು ಅಂಗಡಿಗೆ ಬಂದಳು. ನಾದಿನಿ ಇನ್ನೂ ಬಂದಿರಲಿಲ್ಲ. ಗಂಡ ಹೋಟೆಲಿನ ಹೊದಿಕೆಗಳನ್ನು ಕೊಡವಿ ಹರವುತ್ತಿದ್ದ. ಪೆಟ್ಟಿಗೆಗೆ ಕರೆಂಟು ಕೊಟ್ಟಾಗಿತ್ತು. ಇಷ್ಟು ವರ್ಷ ಪ್ರತಿ ಬೆಳಿಗ್ಗೆ ಕೇಳಿದಂತೆ, ಬೆನ್ನು ತಿರುಗಿಸಿಕೊಂಡೇ ಅವನು ಕೇಳಿದ:

"ಕಾದಿದೆಯಾ ನೋಡೇ."

ಅವಳ ಕೈ ಹೋಯಿತು. ಅವಳು ಕಳಿಸಲಿಲ್ಲ, ಅದೇ ಹೋಯಿತು. ಪೆಟ್ಟಿಗೆಯನ್ನು ಎಡಗೈ ಎತ್ತಿತು, ಬಲಗೈಯ ನಾಲ್ಕು ಬೆರಳು ತಳಕ್ಕೆ ತಟ್ಟಿದವು. ನೀರಿನ ಬಟ್ಟಲು ಅಲ್ಲಿರಲಿಲ್ಲ. ಚುಂಯ್ ಎನ್ನುವ ಸದ್ದೂ ಬರಲಿಲ್ಲ. ಎಣ್ಣೆ ಕುಡಿದು ಮೆತ್ತಗಾದ ಹೊಸ ಚರ್ಮ ಪೆಟ್ಟಿಗೆಗೆ ಅಂಟಿಕೊಂಡಂತೆ ಆಗಿ ಬಿಟ್ಟಿತು. ವಾಸನೆ ಬಂದಾಗ ಗಂಡ ತಿರುಗಿದ.

ಅವಳು ಕೂಗಲಿಲ್ಲ. ಕೈಯನ್ನು ಮುಂದೆ ಹಿಡಿದುಕೊಂಡು, "ಕಾದಿದೆ" ಎಂದಳು.

ಗಂಡ ನೆಲದಲ್ಲಿ ಕುಸಿದು ಕೂತ. "ನಾನ್ಯಾಕೆ ಕೇಳಿದೆ, ನಾನ್ಯಾಕೆ ಕೇಳಿದೆ" ಎಂದು ಮಂಡಿಗೆ ಹೊಡೆದುಕೊಂಡ. ಮಗಳು ಹೋದಾಗಿನಿಂದ ಅವನು ಅಳುವುದನ್ನು ಅವಳು ನೋಡಿರಲಿಲ್ಲ. ಅವನನ್ನು ಸಮಾಧಾನ ಮಾಡುವಷ್ಟು ಹೊತ್ತು ಇರಲಿಲ್ಲ. ನಾಲ್ಕು ತುದಿಯಲ್ಲೂ ಬೊಬ್ಬೆ ಏಳುತ್ತಿರುವಂತೆಯೇ ಬಸ್ಸು ಹತ್ತಿ ವೀಸಾ ಕಚೇರಿಗೆ ಹೋದಳು. ಕೌಂಟರಿನ ಹುಡುಗಿ ಕೈ ನೋಡಿ, ಗಾಜಿನ ಮೇಲೆ ಇಡಬೇಡಿ ಎಂದಳು. ಇಸ್ತ್ರಿಯಮ್ಮ ಇಟ್ಟಳು, ಒತ್ತಿದಳು. ಬೊಬ್ಬೆ ಒಡೆದು ಗಾಜು ಒದ್ದೆಯಾಯಿತು. ಕೆಂಪು ಬಂತು. ಮತ್ತೆ ಒತ್ತಲು ಹೋದಾಗ ಹುಡುಗಿ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಸಾಕು ಬಿಡಿ ಅಮ್ಮ. ದಯವಿಟ್ಟು."

ಸಂಜೆ ಕೊಡೆ ಮೇಷ್ಟ್ರು ಸುದ್ದಿ ಕೇಳಿ ಮನೆಗೆ ಬಂದರು. ಅವಳು ಗೋಡೆಗೊರಗಿ ಕೂತಿದ್ದಳು, ಕೈ ಮಡಿಲಲ್ಲಿ, ಕೂಸಿನ ಬಟ್ಟೆಯಲ್ಲೊಂದು ಅದಕ್ಕೆ ಸುತ್ತಿತ್ತು. ಗಂಡ ಬಾಗಿಲ ಬಳಿ ನಿಂತಿದ್ದ. ಮೇಷ್ಟ್ರು ಕುರ್ಚಿ ಎಳೆದು ಹತ್ತಿರ ಕೂತರು.

"ನೋಡಿಮ್ಮ, ಹೇಗೂ ಬಸ್ಸು ಪೂರ್ತಿ ಹಳೇ ಬಜಾರಿಗೆ ಹೋಗ್ತಿದೆ. ನೀವೇ ಹೋಗೋ ಹಾಗೆ ಮಾಡಿದ್ದು. ನಾನೇ ಆ ಅಂಗಡಿಗೆ ಹೋಗ್ತೀನಿ. ಚೀಲ ಕೊಡ್ತೀನಿ, ನಿಮ್ಮಮ್ಮ ಹಾಗೆ ಹೇಳಲಿಲ್ಲ ಕಣಮ್ಮ ಅಂತ ತಿಳಿಸಿ ಹೇಳ್ತೀನಿ. ನಲವತ್ತು ವರ್ಷ ಮಕ್ಕಳಿಗೆ ತಿಳಿಸಿ ಹೇಳಿದೋನು ನಾನು."

ಗಂಡ ಅವಳ ಮುಖವನ್ನೇ ನೋಡುತ್ತಿದ್ದ. ಹೂಂ ಅನ್ನು ಎಂದು ಅವನ ಕಣ್ಣು ಬೇಡುತ್ತಿತ್ತು.

"ಬೇಡ ಮೇಷ್ಟ್ರೇ" ಎಂದಳು.

"ಹೆರಿಗೆ ಹತ್ತಿರ ಬಂತು ಅಂತೀರಿ. ನನಗೇನೂ ತೊಂದರೆ ಇಲ್ಲಮ್ಮ."

"ಬ್ಯಾಂಕಿನ ಮೇಡಂ ಮಾತಾಡಿಸಿದ್ದಕ್ಕೆ ಭಾಷೆನೇ ಮರೆತಳು. ನೀವು ಹೋಗಿ ನಿಮ್ಮಮ್ಮ ಕಳಿಸಿದಾರೆ ಅಂದ್ರೆ ಆ ಅಂಗಡಿನೇ ಬಿಟ್ಟು ಹೋಗ್ತಾಳೆ. ಆಮೇಲೆ ನಾನು ಯಾವ ಬಜಾರಲ್ಲಿ ಹುಡುಕಲಿ?"

"ಹಾಗಾದ್ರೆ ನನ್ನ ಫೋನು ಅವಳ ಕೈಗೆ ಕೊಡ್ತೀನಿ. ನೀವೇ ಮಾತಾಡಿ."

ಅವಳಿಗೆ ಆಸೆಯಾಗಿತ್ತು. ಕೈಗೆ ಸುತ್ತಿದ್ದ ಕೂಸಿನ ಬಟ್ಟೆಯ ಅಂಚನ್ನು ಎಡಗೈಯಿಂದ ಸವರಿ ನೇರ ಮಾಡಿದಳು.

"ಕೊಡೋದು ನೀವೇ ತಾನೆ. ನಡುವೆ ಇನ್ನೊಬ್ಬರು ನಿಂತಿರ್ತಾರೆ. ಅವಳು ಹೊರಟ ದಿನ ನಾನೇ ಎದ್ದು ನಾಲ್ಕು ಹೆಜ್ಜೆ ಮನೆಗೆ ಹೋಗಿದ್ರೆ ಆಗ್ತಿತ್ತು, ಹೋಗಲಿಲ್ಲ. ಈಗಲೂ ಅಮ್ಮ ಇನ್ನೊಬ್ಬರನ್ನೇ ಕಳಿಸಿದಳು ಅಂದ್ಕೊಳ್ತಾಳೆ. ಅದು ನಿಜವೂ ಆಗುತ್ತೆ."

"ಇದು ಹಠ ಕಣಮ್ಮ."

"ಹಠ ಮಾಡೋ ಶಕ್ತಿ ಎಲ್ಲಿದೆ ಮೇಷ್ಟ್ರೇ. ಮಳೆಗಾಲ ಕಳೆದ ಮೇಲೆ ಹೋಗ್ತೀರಲ್ಲ, ಅದರಲ್ಲಿ ನನ್ನ ಹೆಸರು ಮೊದಲು ಬರ್ಕೊಳ್ಳಿ. ಅಷ್ಟರಲ್ಲಿ ಬೆರಳು ವಾಸಿಯಾಗಿರುತ್ತೆ, ಕೂಸು ಹುಟ್ಟಿರುತ್ತೆ. ಹೇಗೆ ಹುಟ್ಟುತ್ತೋ, ಪಕ್ಕದಲ್ಲಿ ಯಾರಿರ್ತಾರೋ, ದೇವರು ನೋಡ್ಕೋಬೇಕು." ಸುತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡಳು. "ಬಜಾರಲ್ಲಿ ಬಸ್ಸು ನಿಲ್ಲಿಸಿ. ಅವಳು ಬ್ಯಾಗು ತೋರಿಸಿದರೆ ನೋಡಿ, ಬೇಕಾದ್ರೆ ಒಂದು ಕೊಂಡ್ಕೊಳ್ಳಿ. ನನ್ನ ಹೆಸರು ಮಾತ್ರ ಎತ್ತಬೇಡಿ."