ನಲ್ಲಿ ಇರುವ ಡ್ರಮ್ಮು

ನನ್ನ ಸೊಸೆಗೆ ತವರಿನಲ್ಲಿ ವಟವಟಿ ಎಂದೇ ಹೆಸರು. ಮಾತಿಗೆ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಏಳಳು. ಈಗ ಅವಳ ಕೆಲಸವೇ ಮಾತು ಕಡಿಮೆ ಮಾಡುವುದು! ಕಾಯಿಲೆಗಳ ಬಗ್ಗೆ ಸಂಶೋಧನೆ ಮಾಡುವ ಡಾಕ್ಟರು ಬರೆದ ಎಂಬತ್ತನಾಲ್ಕು ಪುಟವನ್ನು ಒಂದೇ ಪುಟಕ್ಕಿಳಿಸಿ, ಆದೇಶ ಹೊರಡಿಸುವ ಅಧಿಕಾರಿಗೆ ತಲುಪಿಸುತ್ತಾಳೆ. ಆ ಪುಟವನ್ನು ಮೊದಲು ಓದಿಸುವುದು ನನ್ನ ಕೈಲಿ. ನಾನು ಅಕ್ಷರ ಕೂಡಿಸಿ ಓದುವವಳು. ನಾನು ಎಲ್ಲಿ ತಡವರಿಸಿದೆನೋ ಆ ಪದಕ್ಕೆ ಕತ್ತರಿ.

ಮಂಗಳವಾರ ಬೆಳಗ್ಗೆ ಆ ಅಧಿಕಾರಿಯ ಕಚೇರಿಯ ಗುಮಾಸ್ತರು ಅವಳಿಗೆ ಫೋನ್ ಮಾಡಿದರು. ಶಾಲೆಗಳಿಗೆಲ್ಲ ಅಗಲ ಬಾಯಿಯ ನೀರಿನ ಡ್ರಮ್ಮು ಕೊಳ್ಳುವ ಫೈಲು ಹನ್ನೊಂದಕ್ಕೆ ಸಹಿಗೆ ಬರುತ್ತದಂತೆ. ಸೊಸೆ ಎರಡು ವರ್ಷ ಅವರ ಯೋಗಕ್ಷೇಮ ಕೇಳುತ್ತ ಬಂದದ್ದಕ್ಕೆ ಈ ಸುದ್ದಿ ಸಿಕ್ಕಿತು. ಡಾಕ್ಟರು ಇಪ್ಪತ್ತು ಶಾಲೆಗಳಲ್ಲಿ ನೋಡಿದ್ದರು: ಅಗಲ ಬಾಯಿಯೊಳಗೆ ಮಕ್ಕಳು ಕೈ ಅದ್ದುತ್ತಾರೆ; ನಲ್ಲಿಯ ಡ್ರಮ್ಮು ಇಟ್ಟ ಹತ್ತು ಶಾಲೆಗಳಲ್ಲಿ ಭೇದಿ ಅರ್ಧಕ್ಕಿಳಿದಿತ್ತು. ಸಹಿ ಬಿದ್ದರೆ ಮುಗಿಯಿತು, ಇನ್ನು ಹತ್ತು ವರ್ಷ ಮಕ್ಕಳಿಗೆ ಅದೇ ನೀರು.

"ಪೂರ್ತಿ ವರದಿ ಮುಗಿಯೋಕೆ ಇನ್ನೂ ಆರು ತಿಂಗಳು ಬೇಕಮ್ಮ," ಎಂದರು ಡಾಕ್ಟರು ಫೋನಿನಲ್ಲಿ.

"ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋದಾ ಸಾರ್? ಗೊತ್ತಿರೋದನ್ನ ಹೇಳೋಣ, ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋಣ. ಹೊರಡಿ!"

ಫೋನಿಟ್ಟು ಸೊಸೆ ನನ್ನ ಕಡೆ ತಿರುಗಿದಳು. "ಅತ್ತೆ, ಅಡುಗೆಮನೆಯ ನಲ್ಲಿ ಡ್ರಮ್ಮು ಖಾಲಿ ಮಾಡಿ. ಆಟೋದಲ್ಲಿ ಹಿಡ್ಕೊಳ್ಳೋಕೆ ನೀವೂ ಬನ್ನಿ."

"ನನ್ನನ್ನೂ ಸಂಶೋಧನೆಗೆ ಸೇರಿಸ್ಕೊಂಡ್ಯೇನೇ?"

"ನೀವು ಸೇರಿ ಯಾವ ಕಾಲ ಆಯ್ತು!"

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಅವಳು ಡ್ರಮ್ಮನ್ನು ಅಧಿಕಾರಿಯ ಮೇಜಿನ ಮೇಲೆಯೇ ಇಟ್ಟಳು. ನೇರ ಅಲ್ಲಿಗೇ ಬಂದಿದ್ದ ಡಾಕ್ಟರು ಅವಳ ಪಕ್ಕ ನಿಂತರು, ನಾನು ಬಾಗಿಲ ಬಳಿಯ ಬೆಂಚಿನಲ್ಲಿ ಕೂತೆ. ಅವಳು ಆಟೋದಲ್ಲೇ ಬರೆದು ನನ್ನಿಂದ ಓದಿಸಿದ್ದ ಪುಟವನ್ನು ಓದಿದ ಅಧಿಕಾರಿ, "ನಲ್ಲಿ ಮುರಿಯಲ್ವಾ?" ಎಂದರು.

"ಮುರಿಯುತ್ತೆ ಸಾರ್. ಮೂರು ತಿಂಗಳಲ್ಲಿ ಹತ್ತರಲ್ಲಿ ಎರಡು ಮುರೀತು. ಮುಂದೆ ಎಷ್ಟು ಮುರಿಯುತ್ತೋ ಗೊತ್ತಿಲ್ಲ."

ಇದನ್ನೇಕೆ ಹೇಳಿದೆ ಎಂಬಂತೆ ಡಾಕ್ಟರು ಅವಳ ಕಡೆ ನೋಡಿದರು.

"ಇಲ್ಲಿಗೆ ಬರೋರೆಲ್ಲ ಮುರಿಯೋದೇ ಇಲ್ಲ ಅಂತಾರೆ," ಎಂದರು ಅಧಿಕಾರಿ. "ಮುರಿದ್ರೆ?"

"ಶಾಲೆಯಲ್ಲಿ ನೀರು ತುಂಬೋರನ್ನೇ ಕೇಳಿದೆ. ಬಿಡಿ ನಲ್ಲಿ ಒಂದಿದ್ರೆ ತಾವೇ ಹಾಕ್ಕೋತೀವಿ ಅಂದ್ರು. ನೋಡಿ, ಹೀಗೆ." ಮೇಜಿನ ಮೇಲೆಯೇ ನಲ್ಲಿ ಬಿಚ್ಚಿದಳು. ತಳದಲ್ಲಿ ಉಳಿದಿದ್ದ ಅರ್ಧ ಲೋಟ ನೀರು ಹರಿಯಿತು! ಅಧಿಕಾರಿ ಫೈಲನ್ನು ಮಗುವಿನಂತೆ ಎದೆಗವಚಿಕೊಂಡರು. ಇವಳು ಕೈ ನಿಲ್ಲಿಸಲಿಲ್ಲ. ನಾನು ನಲವತ್ತು ಎಣಿಸುವಷ್ಟರಲ್ಲಿ ನಲ್ಲಿ ಮತ್ತೆ ಬಿಗಿಯಾಗಿ ಕೂತಿತ್ತು.

ಅಧಿಕಾರಿ ನಕ್ಕುಬಿಟ್ಟರು. ಫೈಲಿನಲ್ಲಿ "ಅಗಲ ಬಾಯಿ" ಎಂಬುದನ್ನು ಹೊಡೆದರು. "ನಲ್ಲಿ ಇರುವುದು, ಜೊತೆಗೊಂದು ಬಿಡಿ ನಲ್ಲಿ" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತ ಬರೆದರು. ಸಹಿ ಹಾಕಿದರು.